ಸ್ಟೆಬಿಲೈಜರ್ ಬೇಕಾ? ಬೇಕಾದರೆ ಯಾವುದು?

ಹೊಸ ಫ್ರಿಜ್ಜಿಗೆ ದುಡ್ಡು ಎಣಿಸುವ ಹೊತ್ತಿಗೆ ಅಂಗಡಿಯವರು ಕೇಳುತ್ತಾರೆ, "ಸಾರ್, ಜೊತೆಗೊಂದು ಸ್ಟೆಬಿಲೈಜರ್ ಹಾಕ್ಲಾ?" ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಸ್ಟಿಕ್ಕರ್ ಮಾತ್ರ ‘ಸ್ಟೆಬಿಲೈಜರ್ ಬೇಕಿಲ್ಲ’ ಎಂದು ದಪ್ಪ ಅಕ್ಷರದಲ್ಲಿ ಹೇಳುತ್ತಿರುತ್ತದೆ. ಊರಿನ ಚಿಕ್ಕಪ್ಪ ಫೋನಿನಲ್ಲಿ, "ಸುಮ್ನೆ ಹಾಕ್ಸು, ಇಲ್ಲಾಂದ್ರೆ ಕಂಪ್ರೆಸರ್ ಹೋಗುತ್ತೆ" ಅನ್ನುತ್ತಾರೆ. ಸ್ಟೆಬಿಲೈಜರ್ ಅಂದರೆ ಏರಿಳಿಯುವ ವೋಲ್ಟೇಜನ್ನು ಸರಿಮಾಡಿ ಕೊಡುವ ಪೆಟ್ಟಿಗೆ. ಯಾರ ಮಾತು ಕೇಳುವುದು? ಮೂವರೂ ಸರಿ ಇರಬಹುದು. ಆದರೆ ಮೂವರ ತಲೆಯಲ್ಲಿ ಇರುವುದು ಬೇರೆ ಬೇರೆ ಮನೆಯ ಕರೆಂಟು.

ನನಗೆ ಎರಡು ಮನೆಯ ಕರೆಂಟಿನ ಪರಿಚಯವಿದೆ. ಒಂದು ಬೆಂಗಳೂರಿನ ಬಾಡಿಗೆ ಫ್ಲಾಟು. ಇನ್ನೊಂದು ಸಾಗರದ ಕಡೆಯ ಹಳ್ಳಿಯ ಮನೆ. ಟಿಸಿಯಿಂದ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿನಿಂದ, ಹೊರಟ ಲೈನಿನ ಕೊನೇ ಕಂಬ ನಮ್ಮ ಅಂಗಳದ ಅಂಚಿನಲ್ಲೇ ಇದೆ. ಫ್ಲಾಟಿನಲ್ಲಿ ಒಂದೂ ಸ್ಟೆಬಿಲೈಜರ್ ಇಲ್ಲ. ಊರಲ್ಲಿ ಎರಡಿವೆ. ಅದರಲ್ಲಿ ಒಂದನ್ನು ಮೊದಲ ಸಲ ತಪ್ಪಾಗಿ ಕೊಂಡು, ಆಮೇಲೆ ಬದಲಾಯಿಸಿದೆ.

ಕೊಳ್ಳುವ ಮೊದಲು ಒಂದು ವಾರ

ಸಾಕೆಟ್ಟಿಗೆ ಚುಚ್ಚುವ ಡಿಜಿಟಲ್ ವೋಲ್ಟ್ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಮೊದಲು ಅದನ್ನು ತನ್ನಿ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ, ಸಂಜೆ ಏಳರಿಂದ ಒಂಬತ್ತರ ನಡುವೆ, ಮತ್ತೆ ರಾತ್ರಿ ಮಲಗುವ ಮುಂಚೆ ಎಷ್ಟು ತೋರಿಸುತ್ತದೆ ಅಂತ ಕ್ಯಾಲೆಂಡರಿನ ಮೇಲೆ ಬರೆದಿಡಿ. ಒಂದು ವಾರ ಸಾಕು.

ನಮ್ಮಲ್ಲಿ ಮನೆಗೆ ಬರಬೇಕಾದ್ದು 230 ವೋಲ್ಟ್. ನಿಯಮದ ಪ್ರಕಾರ ಅದು ಶೇಕಡಾ 6ರಷ್ಟು ಮೇಲೆ ಕೆಳಗೆ ಆಗಬಹುದು. ಅಂದರೆ ಸುಮಾರು 216ರಿಂದ 244. ನನ್ನ ಫ್ಲಾಟಿನಲ್ಲಿ ಒಂದು ವಾರ ಬರೆದಾಗ ಈ ಗೆರೆ ದಾಟಲೇ ಇಲ್ಲ. ಊರಲ್ಲಿ ಬೆಳಿಗ್ಗೆ 205, ಸಂಜೆ 158, ನಡುರಾತ್ರಿ 251. ಅಡಿಕೆ ತೋಟಕ್ಕೆ ನೀರು ಬಿಡುವ ಕಾಲದಲ್ಲಿ ಅಷ್ಟೂ ಪಂಪುಗಳು ಒಟ್ಟಿಗೆ ಎಳೆಯುತ್ತವೆ, ವೋಲ್ಟೇಜ್ ಬೀಳುತ್ತದೆ. ಎಲ್ಲರೂ ಆಫ್ ಮಾಡಿ ಮಲಗಿದ ಮೇಲೆ ಏರುತ್ತದೆ. ಅದಕ್ಕೇ ಆಗಸ್ಟ್ ತಿಂಗಳ ಲೆಕ್ಕ ನಂಬಿ ಸ್ಟೆಬಿಲೈಜರ್ ಕೊಳ್ಳಬೇಡಿ. ಸಾಧ್ಯವಾದರೆ ಮಾರ್ಚ್ ಏಪ್ರಿಲ್‌ನಲ್ಲಿ ಇನ್ನೊಮ್ಮೆ ನೋಡಿ.

ಅಳೆಯುವಾಗ ಒಂದು ಪರೀಕ್ಷೆಯನ್ನೂ ಮಾಡಿ. ಗೀಸರ್ ಹಾಕಿದ ಕೂಡಲೇ ನಿಮ್ಮ ಮನೆಯಲ್ಲಿ 15-20 ವೋಲ್ಟ್ ಇಳಿಯಿತು, ಪಕ್ಕದ ಮನೆಯಲ್ಲಿ ಇಳಿಯಲಿಲ್ಲ ಅಂದುಕೊಳ್ಳಿ. ಆಗ ದೋಷ ದೂರದ ಲೈನಿನದ್ದಲ್ಲ. ನಿಮ್ಮ ಮನೆಯ ವೈರಿಂಗ್ ಸಣ್ಣದಿದೆ, ಇಲ್ಲವೇ ಮೀಟರ್ ಬೋರ್ಡಿನಲ್ಲೋ ಕಂಬದಿಂದ ಬರುವ ಸರ್ವೀಸ್ ವೈರಿನಲ್ಲೋ ಜಾಯಿಂಟ್ ಸಡಿಲವಾಗಿದೆ. ಇದಕ್ಕೆ ಬೇಕಾದ್ದು ಎಲೆಕ್ಟ್ರಿಷಿಯನ್. ಸಡಿಲ ಜಾಯಿಂಟಿನ ಮುಂದೆ ಸ್ಟೆಬಿಲೈಜರ್ ಕೂರಿಸಿದರೆ ಅದು ಇನ್ನೂ ಜಾಸ್ತಿ ಕರೆಂಟ್ ಎಳೆದು ಆ ಜಾಯಿಂಟನ್ನೇ ಕಾಯಿಸುತ್ತದೆ.

ಯಾವ ಸಾಮಾನಿಗೆ ಭಯ, ಯಾವುದಕ್ಕಿಲ್ಲ

ಪಿಕ್ಚರ್ ಟ್ಯೂಬ್ ಟಿವಿಗಳ ಕಾಲ ನೆನಪಿದೆಯಾ? ವೋಲ್ಟೇಜ್ ಬಿದ್ದರೆ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗುತ್ತಿತ್ತು. ಟಿವಿ ಕೊಂಡವರೆಲ್ಲ ಪಕ್ಕದಲ್ಲೊಂದು ಸ್ಟೆಬಿಲೈಜರ್ ಪೆಟ್ಟಿಗೆ ಇಡುತ್ತಿದ್ದರು. ವಿ-ಗಾರ್ಡ್ ಕಂಪನಿ 1977ರಲ್ಲಿ ಕೊಚ್ಚಿಯಲ್ಲಿ ಶುರುವಾದದ್ದೇ ಸ್ಟೆಬಿಲೈಜರ್ ಮಾಡುವ ಸಣ್ಣ ಘಟಕವಾಗಿ. ಈಗಿನ ಎಲ್‌ಇಡಿ ಟಿವಿಯ ಹಿಂದೆ ಬರೆದದ್ದನ್ನು ಓದಿ ನೋಡಿ, ‘100-240 ವೋಲ್ಟ್’ ಅಂತಿರುತ್ತದೆ. ಒಳಗಿನ ಪವರ್ ಸಪ್ಲೈ ಕಡಿಮೆ ವೋಲ್ಟೇಜನ್ನು ತಾನೇ ಸಂಭಾಳಿಸುತ್ತದೆ. ಲ್ಯಾಪ್‌ಟಾಪ್, ಮೊಬೈಲ್ ಚಾರ್ಜರ್ ಕೂಡ ಹಾಗೇ. ಇವಕ್ಕೆ ಲೋ ವೋಲ್ಟೇಜ್ ಭಯ ಇಲ್ಲ. ಹೈ ವೋಲ್ಟೇಜ್ ಭಯ ಇದೆ.

ಗೀಸರ್, ಇಸ್ತ್ರಿ ಪೆಟ್ಟಿಗೆಗೆ ಲೋ ವೋಲ್ಟೇಜಿನಿಂದ ಹಾನಿ ಇಲ್ಲ, ಕೆಲಸ ನಿಧಾನ ಅಷ್ಟೆ. 2,000 ವಾಟಿನ ಗೀಸರ್ 180 ವೋಲ್ಟಿನಲ್ಲಿ ಸುಮಾರು 1,225 ವಾಟ್ ಮಾತ್ರ ಕೊಡುತ್ತದೆ. ಸ್ನಾನಕ್ಕೆ ಹತ್ತು ನಿಮಿಷ ಜಾಸ್ತಿ ಕಾಯಿರಿ. ಮಿಕ್ಸಿ ನಿಧಾನವಾಗಿ ತಿರುಗುತ್ತದೆ, ಚಟ್ನಿ ತರಿತರಿ ಆಗುತ್ತದೆ.

ನಿಜವಾದ ಅಪಾಯ ಇರುವುದು ಇಂಡಕ್ಷನ್ ಮೋಟಾರ್ ಇರುವ ಸಾಮಾನುಗಳಿಗೆ. ಹಳೆ ಮಾದರಿ ಫ್ರಿಜ್ಜು, ಏಸಿ, ನೀರಿನ ಪಂಪು, ಹಿಟ್ಟು ರುಬ್ಬುವ ಗ್ರೈಂಡರ್. ಮೋಟಾರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರ ಜಾಗದಲ್ಲಿ 160 ಬಂದರೆ ಬಲ ಅರ್ಧಕ್ಕಿಂತ ಕಡಿಮೆ. ಕಂಪ್ರೆಸರ್ ಎದ್ದೇಳಲು ಒದ್ದಾಡುತ್ತದೆ, ‘ಗುಂಯ್’ ಅನ್ನುತ್ತದೆ, ಏಳುವುದಿಲ್ಲ. ತಿರುಗದ ಮೋಟಾರು ಓಡುವಾಗಿನದ್ದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಒಳಗಿನ ಓವರ್‌ಲೋಡ್ ಸ್ವಿಚ್ಚು ಕರೆಂಟ್ ಕಡಿಸುತ್ತದೆ, ತಣ್ಣಗಾದ ಮೇಲೆ ಮತ್ತೆ ಪ್ರಯತ್ನ. ಸಂಜೆಯಿಡೀ ಇದೇ ಆಟ. ಹೀಗೆ ದಿನಾ ಕಾದು ಕಾದು ಒಂದು ದಿನ ವೈಂಡಿಂಗ್ (ಒಳಗೆ ಸುತ್ತಿದ ತಂತಿ) ಸುಟ್ಟುಹೋಗುತ್ತದೆ.

ಮೂರನೇ ಶತ್ರು, ಕರೆಂಟ್ ಹೋಗಿ ತಕ್ಷಣ ಬರುವುದು. ಕಂಪ್ರೆಸರ್ ನಿಂತ ಕೂಡಲೇ ಒಳಗಿನ ಗ್ಯಾಸಿನ ಒತ್ತಡ ಸಮ ಆಗಿರುವುದಿಲ್ಲ. ಆ ಒತ್ತಡದ ಎದುರು ಅದನ್ನು ಮತ್ತೆ ಎಬ್ಬಿಸಿದರೆ ಅದೇ ‘ಗುಂಯ್’. ಅದಕ್ಕೇ ಫ್ರಿಜ್ಜು-ಏಸಿಯ ಸ್ಟೆಬಿಲೈಜರಿನಲ್ಲಿ ಸುಮಾರು ಮೂರು ನಿಮಿಷ ಕಾಯಿಸಿ ಕರೆಂಟ್ ಬಿಡುವ ಟೈಮ್ ಡಿಲೇ ಇರುತ್ತದೆ. ಇದಿಲ್ಲದ್ದನ್ನು ಕಂಪ್ರೆಸರಿಗೆ ಕೊಳ್ಳಲೇಬೇಡಿ.

ಹಾಗಾದರೆ ಅಳೆದು ತೂಗಬೇಕಾದ್ದು ಇಷ್ಟು. ನಿಮ್ಮ ಮನೆಯಲ್ಲಿ ವೋಲ್ಟೇಜ್ ಎಲ್ಲಿಂದ ಎಲ್ಲಿಗೆ ಓಡಾಡುತ್ತದೆ. ಕಾಪಾಡಬೇಕಾದ ಸಾಮಾನು ಯಾವುದು. ವೋಲ್ಟೇಜ್ ನಿಧಾನವಾಗಿ ಜಾರುತ್ತದೋ, ಕ್ಷಣಕ್ಕೊಮ್ಮೆ ಕುಣಿಯುತ್ತದೋ. ಮತ್ತೆ ಬೆಲೆ. ಬೆಲೆ ಅಂದಾಗ ಪೆಟ್ಟಿಗೆಯ ಬೆಲೆ ಮಾತ್ರವಲ್ಲ, ಅದು ತಿನ್ನುವ ಕರೆಂಟೂ ಸೇರಿ. ಸುಮ್ಮನೆ ಆನ್ ಆಗಿರುವ ಸ್ಟೆಬಿಲೈಜರ್ 10 ವಾಟ್ ಎಳೆದರೂ ವರ್ಷಕ್ಕೆ 87 ಯೂನಿಟ್ ಆಯಿತು.

ಏನೂ ಹಾಕದೆ ಇರುವುದು

ಇದೂ ಒಂದು ಆಯ್ಕೆಯೇ, ಬಹಳ ಜನರಿಗೆ ಇದೇ ಸರಿ. ಇನ್ವರ್ಟರ್ ಕಂಪ್ರೆಸರ್ (ವೇಗವನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುವಂಥದ್ದು) ಇರುವ ಫ್ರಿಜ್ಜು, ಏಸಿ ಕೊಂಡಿದ್ದರೆ ಅದರ ಕೈಪಿಡಿಯಲ್ಲಿ ಅದು ತಡೆಯುವ ವೋಲ್ಟೇಜ್ ರೇಂಜ್ ಬರೆದಿರುತ್ತದೆ. ‘ಸ್ಟೆಬಿಲೈಜರ್ ಬೇಕಿಲ್ಲ’ ಎಂಬ ಸ್ಟಿಕ್ಕರಿನ ಪಕ್ಕ ನಕ್ಷತ್ರ ಚಿಹ್ನೆ ಇದ್ದರೆ ಆ ಸಣ್ಣ ಅಕ್ಷರಗಳನ್ನೇ ಓದಿ. ಆ ರೇಂಜಿನೊಳಗೆ ಮಾತ್ರ ಆ ಮಾತು ನಿಜ. ನಿಮ್ಮ ಕ್ಯಾಲೆಂಡರಿನ ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ಅಂಕಿಗಳು ಅದರೊಳಗೆ ಬಿದ್ದರೆ ದುಡ್ಡು ಉಳಿಸಿ. ಹೊರಗೆ ಬಿದ್ದರೆ ಚಿಕ್ಕಪ್ಪ ಹೇಳಿದ್ದು ಸರಿ.

ರಿಲೇ ಸ್ಟೆಬಿಲೈಜರ್

ಗೋಡೆಗೆ ನೇತುಹಾಕುವ, ಆಗಾಗ ‘ಟಕ್’ ಅನ್ನುವ ಪೆಟ್ಟಿಗೆ ಇದೇ. ಮನೆಗಳಲ್ಲಿ ಕಾಣುವುದೆಲ್ಲ ಹೆಚ್ಚು ಕಡಿಮೆ ಇದೇ ಜಾತಿ. ಒಳಗೆ ಒಂದು ಟ್ರಾನ್ಸ್‌ಫಾರ್ಮರ್, ಅದರ ವೈಂಡಿಂಗಿನಿಂದ ಬೇರೆ ಬೇರೆ ಜಾಗದಲ್ಲಿ ಹೊರಗೆಳೆದ ನಾಲ್ಕಾರು ತಂತಿ. ಬರುವ ವೋಲ್ಟೇಜ್ ನೋಡಿಕೊಂಡು ರಿಲೇ ಎಂಬ ಸ್ವಿಚ್ಚು ಒಂದು ತಂತಿ ಬಿಟ್ಟು ಇನ್ನೊಂದಕ್ಕೆ ಜಿಗಿಯುತ್ತದೆ. ಕಡಿಮೆ ಬಂದರೆ ಏರಿಸುತ್ತದೆ, ಜಾಸ್ತಿ ಬಂದರೆ ಇಳಿಸುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಏರುವುದರಿಂದ ಹೊರಗೆ ಸರಿಯಾಗಿ 230 ಬರುವುದಿಲ್ಲ, 200ರಿಂದ 240ರ ಆಸುಪಾಸಿನಲ್ಲಿ ಎಲ್ಲೋ ಇರುತ್ತದೆ. ಕಂಪ್ರೆಸರಿಗೆ ಅಷ್ಟು ಸಾಕು.

ನಾನು ಎಡವಿದ್ದು ಇಲ್ಲೇ. ಅಂಗಡಿಯಲ್ಲಿ ‘ಎಷ್ಟು ಲೀಟರ್ ಫ್ರಿಜ್ಜು?’ ಅಂತ ಕೇಳಿದರು, 240 ಅಂದೆ, ಅರ್ಧ ಕೆವಿಎ (ಹೊರುವ ಲೋಡಿನ ಅಳತೆ) ಪೆಟ್ಟಿಗೆ ಕೊಟ್ಟರು. ರೇಂಜ್ ಎಷ್ಟು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ತಂದು ನೋಡಿದರೆ 170ರಿಂದ 270. ನಮ್ಮ ಸಂಜೆ 158. ದಿನಾ ಏಳಕ್ಕೆ ಸರಿಯಾಗಿ ಪೆಟ್ಟಿಗೆ ಕಟ್ ಮಾಡುತ್ತಿತ್ತು, ಒಂಬತ್ತೂವರೆಯ ಮೇಲೆ ಬಿಡುತ್ತಿತ್ತು. ಅದರ ತಪ್ಪೇನಿಲ್ಲ, ಕಂಪ್ರೆಸರನ್ನು ಕಾಪಾಡಿತು. ಆದರೆ ಬೇಸಿಗೆಯಲ್ಲಿ ಹಾಲು ಒಡೆಯಿತು, ಅಮ್ಮನಿಂದ ಬೈಗುಳ ತಿಂದೆ. ಕೊನೆಗೆ 130ರಿಂದ ಶುರುವಾಗುವುದನ್ನು ತಂದೆ.

ಅದಕ್ಕೇ ಹೇಳುವುದು, ಕೆವಿಎಗಿಂತ ಮೊದಲು ರೇಂಜ್ ನೋಡಿ. ಏಸಿಯ ಪೆಟ್ಟಿಗೆಗಳಲ್ಲಿ 170-270, 130-300, 90-300 ಹೀಗೆ ಸಿಗುತ್ತವೆ. ಒಂದೂವರೆ ಟನ್ ಏಸಿಗೆ ಮೊದಲನೆಯದು ಸುಮಾರು 2,500ರಿಂದ 3,500 ರೂಪಾಯಿ ಆದರೆ, ನಡುವಿನದ್ದು 4,500-6,000, ಕೊನೆಯದು 7,000 ದಾಟಬಹುದು. ಬೆಲೆ ಅಂಗಡಿಗೊಂದು, ಸೀಸನ್ನಿಗೊಂದು. ರೇಂಜ್ ಅಗಲವಾದಷ್ಟೂ ಟ್ರಾನ್ಸ್‌ಫಾರ್ಮರ್ ದೊಡ್ಡದಾಗುತ್ತದೆ, ರಿಲೇ ಜಾಸ್ತಿ ಬೇಕಾಗುತ್ತದೆ. ನಿಮ್ಮಲ್ಲಿ 195ಕ್ಕಿಂತ ಕೆಳಗೆ ಇಳಿಯದಿದ್ದರೆ 90ರ ಪೆಟ್ಟಿಗೆ ಕೊಳ್ಳುವುದು ದಂಡ. ಇನ್ನೊಂದು ಸೂಕ್ಷ್ಮ ಇದೆ. ರೇಂಜಿನ ತುದಿಯಲ್ಲಿ ಹೊರಗೆ ಎಷ್ಟು ವೋಲ್ಟ್ ಕೊಡುತ್ತದೆ ಅಂತಲೂ ಕೇಳಿ. ಕೆಲವು ಪೆಟ್ಟಿಗೆಗಳು ತುದಿಯವರೆಗೂ ಕಟ್ ಆಗದೆ ಓಡುತ್ತವೆ, ಆದರೆ ಕೊಡುವುದು ಮಾತ್ರ ಸೊರಗಿದ ವೋಲ್ಟೇಜನ್ನೇ.

ಕೆವಿಎ ಲೆಕ್ಕ ಸುಲಭ. ಮನೆ ಬಳಕೆಯ ಮಾಮೂಲಿ ಫ್ರಿಜ್ಜಿಗೆ ಅರ್ಧ ಕೆವಿಎ, ಒಂದು ಟನ್ ಏಸಿಗೆ 3, ಒಂದೂವರೆ ಟನ್ನಿಗೆ 4, ಎರಡು ಟನ್ನಿಗೆ 5. ಫ್ರಿಜ್ಜಿನದಕ್ಕೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಗ್ರೈಂಡರ್ ಕೂಡ ಓಡಿಸುವ ಬುದ್ಧಿವಂತಿಕೆ ಬೇಡ.

ಇಡೀ ಮನೆಗೆ ಒಂದೇ ದೊಡ್ಡ ಪೆಟ್ಟಿಗೆ ಹಾಕಬಹುದಾ ಅಂತ ಕೇಳುವವರಿದ್ದಾರೆ. ಮೇನ್‌ಲೈನ್ ಸ್ಟೆಬಿಲೈಜರ್ ಅಂತ ಸಿಗುತ್ತದೆ. ಹಗಲೂ ರಾತ್ರಿ ಲೈಟು, ಫ್ಯಾನು ಎಲ್ಲ ಸೊರಗುವ ಹಳ್ಳಿ ಮನೆಗೆ ಅದರಲ್ಲಿ ಅರ್ಥ ಇದೆ. ಆದರೆ ಅದು ಕೆಟ್ಟ ದಿನ ಇಡೀ ಮನೆ ಕತ್ತಲೆ, ಬೈಪಾಸ್ ಸ್ವಿಚ್ ಇಲ್ಲದಿದ್ದರೆ. ನನಗೆ ಸಾಮಾನಿಗೊಂದು ಪೆಟ್ಟಿಗೆಯೇ ಇಷ್ಟ.

ಸರ್ವೋ

ಇಲ್ಲಿ ರಿಲೇ ಜಿಗಿತ ಇಲ್ಲ. ಒಂದು ಪುಟ್ಟ ಮೋಟಾರು ಕಾರ್ಬನ್ ಬ್ರಷ್ಷನ್ನು ವೈಂಡಿಂಗಿನ ಮೇಲೆ ಜಾರಿಸುತ್ತಾ ಬೇಕಾದ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಹೊರಗೆ ಬರುವ ವೋಲ್ಟೇಜ್ ಶೇಕಡಾ 1ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಪ್ರಿಂಟಿಂಗ್ ಪ್ರೆಸ್, ಎಕ್ಸ್‌ರೇ ಇರುವ ಕ್ಲಿನಿಕ್, ಪೀಣ್ಯದಂಥ ಕಡೆಯ ಮೆಷಿನ್ ಶಾಪುಗಳಿಗೆ ಇದು ಹೊಂದುತ್ತದೆ. ನಿಧಾನವಾಗಿ ಜಾರುವ ವೋಲ್ಟೇಜಿಗೆ ಇದು ಚೆನ್ನ. ಆದರೆ ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ನಡೆಯುತ್ತಾ ಕ್ಷಣಕ್ಕೊಮ್ಮೆ ಕುಣಿಯುವ ಕರೆಂಟಿನ ಹಿಂದೆ ಬ್ರಷ್ ಓಡಿ ಮುಗಿಸುವುದರೊಳಗೆ ವೋಲ್ಟೇಜ್ ಬೇರೆಡೆಗೆ ಹೋಗಿರುತ್ತದೆ. ಬ್ರಷ್ ಸವೆಯುತ್ತದೆ, ಧೂಳು ಒರೆಸಬೇಕು, ಆಗಾಗ ಮೆಕ್ಯಾನಿಕ್ ಬರಬೇಕು.

ತ್ರೀ ಫೇಸ್ ಸರ್ವೋ ಕೊಳ್ಳುವವರಿಗೆ ಒಂದು ಮಾತು. ಮೂರೂ ಫೇಸಿಗೆ ಒಂದೇ ಮೋಟಾರ್ ಇರುವುದು ಅಗ್ಗ. ಆದರೆ ಅದು ಮೂರನ್ನೂ ಒಟ್ಟಿಗೇ ಏರಿಸುತ್ತದೆ, ಒಟ್ಟಿಗೇ ಇಳಿಸುತ್ತದೆ. ನಿಮ್ಮಲ್ಲಿ ಒಂದು ಫೇಸ್ 190, ಇನ್ನೊಂದು 240 ಇದ್ದರೆ ಅದು ಪ್ರಯೋಜನವಿಲ್ಲ. ಫೇಸಿಗೊಂದು ಮೋಟಾರ್ ಇರುವುದನ್ನೇ ತೆಗೆದುಕೊಳ್ಳಿ. ಮೂರೂ ಫೇಸ್ ಬೇರೆ ಬೇರೆ ಅಳೆಯದೆ ಆರ್ಡರ್ ಕೊಡಬೇಡಿ.

ಸ್ಟ್ಯಾಟಿಕ್

ಜಾರುವ ಬ್ರಷ್ಷೂ ಇಲ್ಲ, ಟಕ್ ಅನ್ನುವ ರಿಲೇಯೂ ಇಲ್ಲ. ಎಲ್ಲ ಎಲೆಕ್ಟ್ರಾನಿಕ್ಸ್. ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಸರಿಮಾಡುತ್ತದೆ. ಬೆಲೆ ಮೇಲಿನ ಎರಡಕ್ಕಿಂತ ಬಹಳ ಜಾಸ್ತಿ, ಕೆಟ್ಟರೆ ಊರ ಮೆಕ್ಯಾನಿಕ್ ಕೈಯಲ್ಲಿ ಆಗುವುದಿಲ್ಲ. ಸಿಎನ್‌ಸಿ ಯಂತ್ರ, ಲ್ಯಾಬಿನ ಉಪಕರಣಕ್ಕೆ ಸರಿ. ಮನೆ ಫ್ರಿಜ್ಜಿಗೆ ತಂದರೆ ಮೂಗಿಗಿಂತ ಮೂಗುತಿ ಭಾರ.

ಸ್ಟೆಬಿಲೈಜರ್ ಅಂದುಕೊಳ್ಳುವ ಬೇರೆ ಪೆಟ್ಟಿಗೆಗಳು

‘ಮನೇಲಿ ಇನ್ವರ್ಟರ್ ಇದೆಯಲ್ಲ, ಮತ್ತೇಕೆ ಸ್ಟೆಬಿಲೈಜರ್?’ ಅನ್ನುವವರು ಬಹಳ. ಬ್ಯಾಟರಿ ಇರುವ ಮಾಮೂಲಿ ಇನ್ವರ್ಟರ್, ಲೈನ್ ಕರೆಂಟ್ ಇರುವಾಗ ಅದನ್ನು ಹಾಗೇ ದಾಟಿಸುತ್ತದೆ, ಸರಿಮಾಡುವುದಿಲ್ಲ. ಯುಪಿಎಸ್ ಮೋಡಿನಲ್ಲಿ ಇಟ್ಟರೆ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗಿಳಿದಾಗ ಬ್ಯಾಟರಿಗೆ ಹೋಗುತ್ತದೆ. ದಿನಾ ಸಂಜೆ 158 ಇರುವ ಊರಲ್ಲಿ ಹೀಗೆ ಇಟ್ಟರೆ ಕರೆಂಟ್ ಇದ್ದೂ ಬ್ಯಾಟರಿ ಖಾಲಿ. ನಿಜವಾಗಿ ಕರೆಂಟ್ ಹೋದಾಗ ನೀವು ಮೇಣದಬತ್ತಿ ಹುಡುಕುತ್ತೀರಿ. ಕಂಪ್ಯೂಟರಿನ ಪುಟ್ಟ ಯುಪಿಎಸ್ ಮಾತ್ರ ಬೇರೆ. ಲೈನ್ ಇಂಟರ್ಯಾಕ್ಟಿವ್ ಅಂತ ಬರೆದಿದ್ದರೆ ಒಳಗೇ ಒಂದು ಸಣ್ಣ ಸ್ಟೆಬಿಲೈಜರ್ ಇರುತ್ತದೆ. ಅದಕ್ಕೆ ಇನ್ನೊಂದು ಜೋಡಿಸಬೇಕಿಲ್ಲ.

ನಗರದ ಮನೆಗೆ ನನ್ನ ಆಯ್ಕೆ ಬೇರೆಯೇ. ಮನೆಗೆ ಕರೆಂಟ್ ಹಂಚುವ ಪೆಟ್ಟಿಗೆಯಲ್ಲಿ (ಡಿಬಿ) ಎಂಸಿಬಿ ಸ್ವಿಚ್ಚಿನ ಪಕ್ಕ ಕೂರುವ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್. ಇದು ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ನೀವು ಇಟ್ಟ ಮಿತಿ ದಾಟಿದರೆ ಇಡೀ ಮನೆಯ ಕರೆಂಟ್ ಕಡಿಸುತ್ತದೆ, ಸರಿಯಾದ ಮೇಲೆ ಬಿಡುತ್ತದೆ. ಏಕೆ ಬೇಕು? ಮಾಮೂಲಿ ದಿನಗಳಲ್ಲಿ 230 ಇರುವ ಮನೆಗೂ ಒಂದು ಕೆಟ್ಟ ದಿನ ಬರುತ್ತದೆ. ಕಂಬದಲ್ಲೋ ಕಟ್ಟಡದ ಪ್ಯಾನೆಲ್‌ನಲ್ಲೋ ನ್ಯೂಟ್ರಲ್ ತಂತಿ ಕಡಿದರೆ, ಕೆಲವು ಮನೆಗೆ ವೋಲ್ಟೇಜ್ ಕುಸಿದು ಕೆಲವು ಮನೆಗೆ 400ರ ಕಡೆಗೆ ಏರುತ್ತದೆ. ನಮ್ಮ ಹಿಂದಿನ ಕಟ್ಟಡದಲ್ಲಿ ಹೀಗಾಗಿ ಒಂದೇ ಸಂಜೆ ಮೂರು ಮನೆಯ ಟಿವಿ, ಒಂದು ವಾಷಿಂಗ್ ಮೆಷಿನ್ ಬೋರ್ಡ್, ಲೆಕ್ಕವಿಲ್ಲದಷ್ಟು ಎಲ್‌ಇಡಿ ಬಲ್ಬು ಹೋದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದು ಫ್ರಿಜ್ಜಿನ ಸ್ಟೆಬಿಲೈಜರ್ ಆ ಹೊತ್ತು ಉಳಿದ ಸಾಮಾನಿಗೆ ಏನೂ ಮಾಡುವುದಿಲ್ಲ. ಈ ಪ್ರೊಟೆಕ್ಟರ್ ಇಡೀ ಮನೆಯನ್ನು ನೋಡಿಕೊಳ್ಳುತ್ತದೆ.

ಸಿಡಿಲಿಗೆ ಮೇಲಿನ ಯಾವುದೂ ಉತ್ತರವಲ್ಲ. ಅದಕ್ಕೆ ಸರ್ಜ್ ಪ್ರೊಟೆಕ್ಟರ್ ಬೇರೆ, ಜೊತೆಗೆ ಒಳ್ಳೆಯ ಅರ್ಥಿಂಗ್ ಇರಲೇಬೇಕು. ಮಲೆನಾಡಿನಲ್ಲಿ ಏಪ್ರಿಲ್-ಮೇ ಗುಡುಗು ಶುರುವಾದರೆ ನಾವು ಈಗಲೂ ಪ್ಲಗ್ ಕೀಳುತ್ತೇವೆ.

ತೋಟದ ಪಂಪಿನ ವಿಷಯ

ಐದು ಎಚ್‌ಪಿ ಪಂಪಿಗೆ ಸ್ಟೆಬಿಲೈಜರ್ ಹಾಕಲಾ ಅಂತ ಊರಲ್ಲಿ ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಸ್ಟೆಬಿಲೈಜರ್ ಎಲ್ಲಿಂದಲೋ ಕರೆಂಟ್ ಹುಟ್ಟಿಸುವುದಿಲ್ಲ. ವೋಲ್ಟೇಜ್ ಏರಿಸಿಕೊಡಲು ಲೈನಿನಿಂದ ಅಷ್ಟು ಜಾಸ್ತಿ ಆಂಪಿಯರ್ ಎಳೆಯುತ್ತದೆ. ಸಾಲಾಗಿ ಎಲ್ಲ ತೋಟದವರೂ ಹಾಕಿದರೆ ಲೈನ್ ಇನ್ನೂ ಕುಸಿಯುತ್ತದೆ, ಕೊನೇ ಕಂಬದವನಿಗೆ ಮೊದಲಿದ್ದದ್ದೂ ಇಲ್ಲ. ನಾವು ಆ ಕೊನೇ ಕಂಬದವರು, ನನಗೆ ಗೊತ್ತು. ಪಂಪಿಗೆ ಬೇಕಾದ್ದು ಸ್ಟಾರ್ಟರಿನಲ್ಲಿ ಸರಿಯಾಗಿ ಹೊಂದಿಸಿದ ಓವರ್‌ಲೋಡ್ ರಿಲೇ, ಒಂದು ಫೇಸ್ ಹೋದರೆ ಪಂಪು ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್, ಮತ್ತೆ ಮೋಟಾರಿಗೆ ತಕ್ಕ ಅಳತೆಯ ಕೆಪಾಸಿಟರ್. ಕೆಪಾಸಿಟರ್ ಹಾಕಿದರೆ ಮೋಟಾರು ಲೈನಿನಿಂದ ಎಳೆಯುವ ಕರೆಂಟ್ ಕಡಿಮೆಯಾಗುತ್ತದೆ. ಅದು ಎಲ್ಲರಿಗೂ ಲಾಭ.

ಹಾಗೇ, ದಿನಾ 200ರ ಕೆಳಗೆ ಇರುವವರು ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ದೂರು ಬರೆಸಿ. ಕ್ಯಾಲೆಂಡರಿನ ಅಂಕಿಗಳು ಇಲ್ಲೂ ಕೆಲಸಕ್ಕೆ ಬರುತ್ತವೆ. ‘ಡಿಮ್ ಆಗ್ತಿದೆ’ ಅನ್ನುವುದಕ್ಕೂ ‘ಏಳು ದಿನವೂ ಸಂಜೆ 158’ ಅನ್ನುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ?

ನಿಮ್ಮ ಮನೆಗೆ ಯಾವುದು

ನಗರದಲ್ಲಿದ್ದು 210-245ರೊಳಗೆ ಇದ್ದರೆ ಸ್ಟೆಬಿಲೈಜರ್ ಬಿಡಿ, ಡಿಬಿಗೆ ಪ್ರೊಟೆಕ್ಟರ್ ಹಾಕಿಸಿ. ಬಾಡಿಗೆ ಮನೆಯಲ್ಲಿ ಡಿಬಿ ಮುಟ್ಟಲು ಮಾಲೀಕರು ಬಿಡದಿದ್ದರೆ, ಫ್ರಿಜ್ಜಿಗೊಂದು ಚಿಕ್ಕ ರಿಲೇ ಪೆಟ್ಟಿಗೆ ಸಾಕು, ಬಿಡುವಾಗ ಜೊತೆಗೆ ಒಯ್ಯಬಹುದು. ಸಂಜೆ 175-200 ಇರುವ ಪಟ್ಟಣದ ಮನೆಯಲ್ಲಿ ಹಳೆ ಮಾದರಿ ಏಸಿ ಇದ್ದರೆ 130-300ರದ್ದು ಕೊಳ್ಳಿ. 170ರದ್ದು ಅಂಚಿನಲ್ಲಿ ನಿಂತಂತೆ, ಮುಂದಿನ ಬೇಸಿಗೆಗೆ ಕೈಕೊಡುತ್ತದೆ. 160ರ ಕೆಳಗೆ ಹೋಗುವ ಹಳ್ಳಿಯಲ್ಲಿ ಹೊಸ ಫ್ರಿಜ್ಜು ಕೊಳ್ಳುವವರು, ಮಾಮೂಲಿ ಫ್ರಿಜ್ಜು ಮತ್ತು ಅಗಲ ರೇಂಜಿನ ಸ್ಟೆಬಿಲೈಜರ್ ಎರಡರ ಬೆಲೆ ಕೂಡಿಸಿ, ಇನ್ವರ್ಟರ್ ಫ್ರಿಜ್ಜಿನ ಬೆಲೆಯ ಪಕ್ಕ ಇಟ್ಟು ನೋಡಿ. ಹಲವು ಸಲ ಇನ್ವರ್ಟರ್ ಫ್ರಿಜ್ಜೇ ಲಾಭ.

ಅಂಗಡಿಯಲ್ಲಿ ಕೇಳಬೇಕಾದ್ದು ನಾಲ್ಕೇ. ರೇಂಜ್ ಎಷ್ಟು, ಹೈ ಕಟ್ (ವೋಲ್ಟೇಜ್ ಮೀರಿದರೆ ಕರೆಂಟ್ ಕಡಿಸುವುದು) ಇದೆಯಾ, ಟೈಮ್ ಡಿಲೇ ಎಷ್ಟು, ವೈಂಡಿಂಗ್ ತಾಮ್ರದ್ದಾ ಅಲ್ಯೂಮಿನಿಯಮ್ಮಾ. ಒಂದೇ ಕೆವಿಎಯ ಎರಡು ಪೆಟ್ಟಿಗೆ ಎತ್ತಿ ನೋಡಿದರೆ ಹಗುರಾದದ್ದರಲ್ಲಿ ಹೆಚ್ಚಾಗಿ ಅಲ್ಯೂಮಿನಿಯಮ್ಮೇ ಇರುತ್ತದೆ. ಮನೆಗೆ ತಂದ ಮೇಲೆ ಫ್ರಿಜ್ಜಿನ ತಲೆಯ ಮೇಲಿಟ್ಟು ಮೇಲೊಂದು ಕಸೂತಿ ಬಟ್ಟೆ ಹೊದಿಸಬೇಡಿ, ಅದಕ್ಕೆ ಗಾಳಿ ಆಡಬೇಕು. ಏಸಿಯದ್ದನ್ನು ಗೋಡೆಗೆ ಸ್ಕ್ರೂ ಹಾಕಿ ನಿಲ್ಲಿಸಿ, 16 ಆಂಪಿಯರ್ ಸಾಕೆಟ್ಟಿಗೇ ಜೋಡಿಸಿ. ಮೊದಲ ವಾರ ಸಂಜೆ ಹೊತ್ತು ಪ್ಲಗ್ಗಿನ ಮೇಲೆ ಕೈಯಿಟ್ಟು ನೋಡಿ. ಮುಟ್ಟಲಾಗದಷ್ಟು ಬಿಸಿ ಇದ್ದರೆ ಸಾಕೆಟ್ ಬದಲಾಯಿಸಿ.